ಉರಿಗೆ ಮಣೆ ಹಾಕುವ ಅಕ್ಕಯಮ್ಮ

ರಾಜಘಟ್ಟದ ಕೋಳಿಗಳು ಇನ್ನೂ ಎರಡನೆಯ ಸಲ ಕೂಗಿಲ್ಲ. ಊರಂಚಿನ ಹೊಂಗೆ ಮರದಡಿ ಕುಳಿತ ಅಕ್ಕಯಮ್ಮ ಬುಡ್ಡಿದೀಪದ ಬೆಳಕಿಗೆ, ಕೊಳವೆಯ ಬಾಯಿಗೆ ಹಾಕುವ ಮಣ್ಣಿನ ಮೂತಿಯೊಂದನ್ನು ಹಿಡಿದು ತಿರುಗಿಸಿ ನೋಡುತ್ತಾರೆ. ಎಳೆಗೂಸಿಗೆ ಹಲ್ಲು ಮೂಡಿದೆಯೇ ಎಂದು ನೋಡುವ ಹಾಗೆ ಕಿರುಬೆರಳು ಆಡಿಸಿ, ಒಳಗೆ ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಕುಲುಮೆಗೆ ಹೋಗಿ ಅದನ್ನು ಕಬ್ಬಿಣದ ಕೊಳವೆಯ ತುದಿಗೆ ಸಿಕ್ಕಿಸಿ, ಸಂದಿಗೆ ಹಸಿಮಣ್ಣು ಮೆತ್ತುತ್ತಾರೆ. ಮತ್ತೆ ಮರದಡಿಗೆ ಬಂದು, ಆಳೆತ್ತರದ ತಗಡಿನ ಡ್ರಮ್ಮಿನ ಹಿಂದೆ ಮಣೆ ಎಳೆದುಕೊಂಡು, ಎಡಗೈಯಿಂದ ಗಾಳಿಚಕ್ರ ತಿರುಗಿಸುತ್ತಾರೆ. ಆಚೆ, ಹುಲ್ಲು ಹೊದಿಸಿದ ಕುಲುಮೆಯಲ್ಲಿ ಗಂಡ ಪಿಳ್ಳಾಚಾರಿ ಕೊಳ್ಳಿ ಹಿಡಿದು ಕಾಯುತ್ತಾರೆ. ಬುಸ್ಸೆಂದು ಸದ್ದಾಗುತ್ತದೆ.

“ಬಂತಾ?” ಎಂದು ಅಕ್ಕಯಮ್ಮ ಕೂಗುತ್ತಾರೆ.

“ಬಂತು ಕಣೇ. ಉರಿ ನೀಲಿಗೆ ಕೂತ್ಕೊಂತು.”

“ಹಂಗಾರೆ ನೀವು ಕೂತ್ಕೋಬೇಡಿ. ಗೋಪಾಲಪ್ಪನ ಗುಳ ತಗೊಳ್ಳಿ.”

ನೇಗಿಲ ಗುಳವಿರಲಿ, ಕುಡುಗೋಲಿರಲಿ, ಸುತ್ತಲಿನ ಹಳ್ಳಿಗಳವರು ಹೊಗಳುವುದು ಪಿಳ್ಳಾಚಾರಿಯ ಕೈಯನ್ನು. ಆ ಕೈಗೆ ಕೆಂಪಗೆ ಕಾದ ಕಬ್ಬಿಣ ಒದಗಿಸುವ ಗಾಳಿ ಎಲ್ಲಿಂದ ಬರುತ್ತದೆಂದು ಯಾರೂ ಕೇಳುವುದಿಲ್ಲ. ಸಮೇತನಹಳ್ಳಿಯಿಂದ ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ದ್ಯಾವಮ್ಮ ಈಕೆಯ ಕೈಗೆ ಗಾಳಿ ಊದುವ ಚರ್ಮದ ತಿದಿಯ ಹಗ್ಗ ಕೊಟ್ಟರಂತೆ. ತಿದಿಯ ಗಾಳಿ ಬೆಂಕಿಗೆ ಸೇರುವ ಕಡೆ ಮಣ್ಣಿನ ಮೂತಿ ಇರಬೇಕು. ಕೆರೆಯ ಜೇಡಿಮಣ್ಣಿಗೆ ರಾಗಿ ಹೊಟ್ಟು ಕಲಸಿ ಅದನ್ನು ಮಾಡುವುದು ಈ ಮನೆಯ ಸೊಸೆಯರ ಪಾಲಿನ ಕೆಲಸ. ಉರಿದು ಸವೆದ ಮೂತಿಯನ್ನು ತಿಪ್ಪೆಗೆ ಎಸೆಯುವ ಹಾಗಿಲ್ಲ, ಹೊಂಗೆ ಮರದ ಬುಡಕ್ಕೇ ಒಪ್ಪಿಸಬೇಕು.

“ನಮ್ಮತ್ತೆ ಹೇಳೋರು, ಉರಿ ಅಂದ್ರೆ ಮನೆಗೆ ಬಂದ ನೆಂಟ ಇದ್ದಂಗೆ ಕಣಮ್ಮಾ, ಕೂರೋಕೆ ಮಣೆ ಹಾಕು, ಇಲ್ದಿದ್ರೆ ಮುನಿಸ್ಕೊಂಡು ಎದ್ದೋಯ್ತದೆ ಅಂತ,” ಎಂದು ಅಕ್ಕಯಮ್ಮ ನಗುತ್ತಾರೆ.

ಕಳೆದ ಸಂಕ್ರಾಂತಿಯ ಹೊತ್ತಿಗೆ ಅವರ ಬಲಭುಜ ಸೋತುಹೋಯಿತು. ತಲೆ ಬಾಚಿಕೊಳ್ಳಲೂ ಕೈ ಮೇಲೇಳದು. ತಿದಿಯಂತೂ ದೂರದ ಮಾತು. ಬೆಳಗಿನಿಂದ ಬೈಗಿನವರೆಗೆ ಹತ್ತಿಪ್ಪತ್ತು ಕಬ್ಬಿಣ ಕಾಯುತ್ತಿದ್ದ ಕುಲುಮೆಯಲ್ಲಿ ಬೆಕ್ಕು ಮಲಗತೊಡಗಿತು. ಭರಣಿ ಮಳೆ ಹತ್ತಿರವಾಗಿ ಗುಳಗಳು ಗೋಡೆಗೊರಗಿ ಕಾದವು. ಕುಲುಮೆ ಮುಚ್ಚಿ ಬೆಂಗಳೂರಿನ ಕಾರ್ಖಾನೆಗೆ ಸೇರುವ ಮಾತನ್ನು ಪಿಳ್ಳಾಚಾರಿ ಒಮ್ಮೆ ಆಡಿಯೂಬಿಟ್ಟರು. ಅಂದು ಅಕ್ಕಯಮ್ಮ ಮುದ್ದೆಯನ್ನು ಹಾಗೇ ಮುಚ್ಚಿಟ್ಟರು.

ಮಹಾಯುದ್ಧ ಮುಗಿದು, ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸುಗಳು ಬೆನ್ನ ಮೇಲಿನ ಡ್ರಮ್ಮುಗಳನ್ನು ಒಂದೊಂದಾಗಿ ಕಳಚಿಡುತ್ತಿದ್ದ ಕಾಲವದು. ದೊಡ್ಡಬಳ್ಳಾಪುರದ ಬಸ್ಸಿನವರೊಬ್ಬರಿಗೆ ಮುರಿದ ಮೆಟ್ಟಿಲು ಬೆಸೆದುಕೊಟ್ಟ ಪಿಳ್ಳಾಚಾರಿ, ಅಂಥದ್ದೊಂದು ಡ್ರಮ್ಮನ್ನು ಗಾಡಿಯಲ್ಲಿ ಹೇರಿಕೊಂಡು ಬಂದರು. ಕೆಳಗೆ ಇದ್ದಿಲು ಕನಲುತ್ತಿದ್ದರೆ ಗ್ಯಾಸು ತಾನಾಗಿ ಹೊರಡುತ್ತದೆ, ಕೊಳವೆಯಲ್ಲಿ ತಂದು ಉರಿಸಿದರೆ ತಿದಿ ಒತ್ತುವ ಕಷ್ಟವೇ ಇಲ್ಲ ಎಂಬುದು ಅವರ ಲೆಕ್ಕ. ಆ ಗ್ಯಾಸು ಕುಡಿದರೆ ಜೀವಕ್ಕೇ ಕುತ್ತು ಎಂದು ಬಸ್ಸಿನ ಕ್ಲೀನರ್ ಎಚ್ಚರಿಸಿದ್ದರಿಂದ ಡ್ರಮ್ಮನ್ನು ಬಯಲಲ್ಲೇ ನಿಲ್ಲಿಸಿದರು.

“ನಂಗೆ ಭಯ ಆಯ್ತು,” ಎನ್ನುತ್ತಾರೆ ಅಕ್ಕಯಮ್ಮ. “ಇದು ತಾನೇ ಉಸಿರಾಡಿದ್ರೆ ನಾನು ಮಣೆ ಎಲ್ಲಿ ಹಾಕ್ಕೊಳ್ಲಿ ಅನ್ಸ್ತು.”

ಆದರೆ ಡ್ರಮ್ಮು ಉಸಿರಾಡಲಿಲ್ಲ. ಇದ್ದಿಲು ಕೆಂಪಾಯಿತು, ಕೊಳವೆಯ ತುದಿಯಲ್ಲಿ ಮಾತ್ರ ಬೆಳ್ಳನೆಯ ಹೊಗೆ ಎಳೆ ಎಳೆಯಾಗಿ ಬಂದು ನಿಂತಿತು. ಗುಳ ಕೇಳಲು ಬಂದಿದ್ದ ರೈತ ಗೋಪಾಲಪ್ಪ ಮೀಸೆಯಡಿ ನಕ್ಕರು. “ಏನ್ ಆಚಾರ್ರೇ, ಬಸ್ಸು ಎಷ್ಟೊತ್ತಿಗೆ ಹೊರಡ್ತದೆ? ಬಳ್ಳಾಪುರಕ್ಕೆ ಎರಡು ಟಿಕೀಟು ಹರೀರಿ!”

ಪಿಳ್ಳಾಚಾರಿ ಮುಖ ತಗ್ಗಿಸಿ ಕೊಳವೆ ಒರೆಸುತ್ತ ನಿಂತರು. ಆ ತಗ್ಗಿದ ಮುಖ ಕಂಡು ಅಕ್ಕಯಮ್ಮನ ಭಯವೆಲ್ಲ ಕರಗಿಹೋಯಿತು. ಗಂಡ ಸೋಲಬಾರದು ಎಂದಷ್ಟೇ ಅನ್ನಿಸಿತು. ಅಜ್ಜಿಯರ ಕತೆಯಲ್ಲಿ ರಾಕ್ಷಸ ಒಂದು ಕಡೆ, ಅವನ ಪ್ರಾಣ ಏಳು ಕೆರೆಯಾಚೆಯ ಗಿಳಿಯಲ್ಲಿ ಇರುತ್ತದಲ್ಲ, ಹಾಗೆ ಈ ಡ್ರಮ್ಮಿನ ಪ್ರಾಣ ಎಲ್ಲಿ ಉಳಿಯಿತು? ಸಂತೆಗೆ ಹೋದಾಗ ಕಂಡದ್ದು ನೆನಪಾಯಿತು. ಬಸ್ಸು ಗುರ್ ಎನ್ನುವವರೆಗೂ ಕ್ಲೀನರ್ ಒಂದು ಚಕ್ರ ತಿರುಗಿಸುತ್ತಿದ್ದ, ಆಮೇಲೆ ಬಿಡುತ್ತಿದ್ದ.

“ಆಮ್ಯಾಕೆ ಬಸ್ಸೇ ಉಸಿರೆಳ್ಕೊಳ್ತಿತ್ತು ಅಲ್ವಾ? ಇಲ್ಲಿ ಎಳ್ಕೊಳ್ಳೋರು ಯಾರವ್ರೆ?” ಎಂದರು.

ಡ್ರಮ್ಮಿನ ಜೊತೆ ಬಂದಿದ್ದ, ಬೇಡವೆಂದು ಮೂಲೆಗೆಸೆದಿದ್ದ ಗಾಳಿಚಕ್ರ ಮತ್ತೆ ಡ್ರಮ್ಮಿನ ಬುಡಕ್ಕೆ ಬಂತು. ಕೂತಲ್ಲೇ ತಿರುಗಿಸಬಹುದು, ಭುಜ ಎತ್ತಬೇಕಿಲ್ಲ. ಗ್ಯಾಸು ಬಂತು, ಉರಿಯೂ ಹತ್ತಿತು. ಆದರೆ ಕೊಳವೆಯ ನೆಟ್ಟನೆಯ ಕಬ್ಬಿಣದ ಬಾಯಿಂದ ಅದು ಹಾರಿ ಹಾರಿ ಆರಿಹೋಗುತ್ತಿತ್ತು. ಕೊಳವೆಯ ಪಕ್ಕದಲ್ಲಿ ಹೊರಗಾಳಿಗೆಂದು ಕೊರೆದಿದ್ದ ತೂತನ್ನು ಪಿಳ್ಳಾಚಾರಿ ಹಿರಿದು ಮಾಡಿದರು, ಕಿರಿದು ಮಾಡಿದರು. ಊಹೂಂ. ಉರಿಗೆ ಮಣೆ ಹಾಕು ಎಂಬ ಅತ್ತೆಯ ಮಾತು ನೆನೆದು ಅಕ್ಕಯಮ್ಮ ಕೆರೆಯಿಂದ ಮಣ್ಣು ತಂದರು. ಈ ಸಲ ಮೂತಿಯ ಬಾಯನ್ನು ಉಮ್ಮತ್ತದ ಹೂವಿನ ಹಾಗೆ ಅರಳಿಸಿ, ನೆರಳಲ್ಲಿ ಒಣಗಿಸಿ, ಸುಟ್ಟು ತಂದು ಸಿಕ್ಕಿಸಿದರು. ಹಾರುತ್ತಿದ್ದ ಉರಿ ಆ ಅಂಚಿಗೆ ಬಂದು ಕೂತುಬಿಟ್ಟಿತು.

ಅಂದು ಗೋಪಾಲಪ್ಪನ ಗುಳ ಕೆಂಪಾಗಿ, ಕಿತ್ತಳೆಯಾಗಿ ಕಾದರೂ ಪಿಳ್ಳಾಚಾರಿಯ ಮುಖದಲ್ಲಿ ಗೆಲುವಿರಲಿಲ್ಲ. “ನಿನ್ನ ಕೈಗೆ ಬಿಡುವು ಕೊಡಾನ ಅಂತ ತಂದೆ. ಮತ್ತೆ ನಿನ್ನ ಕೈಯೇ ಬೇಕಾಯ್ತಲ್ಲೇ.”

“ಬಲಗೈಗೆ ಕೊಟ್ರಲ್ಲ ಸಾಕು. ಎಡಗೈ ಏನು ನೆಂಟರ ಮನೇದಾ?”

ಈಗ ಭರಣಿ ಮಳೆ ಬಂದು ಹೋಗಿದೆ. ಗೋಡೆಗೊರಗಿದ್ದ ಗುಳಗಳೆಲ್ಲ ಹೊಲಕ್ಕಿಳಿದು, ಸವೆದವು ಮತ್ತೆ ಬಂದಿವೆ. ಕಾರ್ಖಾನೆಯ ಮಾತನ್ನು ಯಾರೂ ಎತ್ತುವುದಿಲ್ಲ. ಇನ್ನೇನಾದರೂ ಬೇಕೇ ಎಂದು ಕೇಳಿದರೆ ಅಕ್ಕಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಡ್ರಮ್ಮಿನತ್ತ ಕೈ ತೋರುತ್ತಾರೆ.

“ತಿದಿ ಇದ್ದಾಗ ಉರಿ ಎದುರ‍್ಗೇ ಕೂರ್ತಿದ್ದೆ. ಬೆಳಕಲ್ಲಿ ಅವರ ಮುಖ ಕಾಣೋದು. ಈಗ ಈ ಡ್ರಮ್ಮು ಅಡ್ಡ. ಸುತ್ತಿಗೆ ಸದ್ದಷ್ಟೇ ಕೇಳಿಸ್ತದೆ. ಕೊಳವೆನ ಒಂಚೂರು ಬಗ್ಗಿಸಿ ನನ್ನ ಮಣೆ ಈಚೆಗೆ ಬರೋಂಗಾದ್ರೆ ಸಾಕು, ಇನ್ನೇನು ಬ್ಯಾಡ.”

ಕುಲುಮೆಯಲ್ಲಿ ಸುತ್ತಿಗೆಯ ಸದ್ದು ನಿಲ್ಲುತ್ತದೆ. ಪಿಳ್ಳಾಚಾರಿ ಕಾದ ಗುಳವನ್ನು ಪಕ್ಕಕ್ಕಿಡುತ್ತಾರೆ. ಮೂಲೆಯಿಂದ ಹಳೆಯ ಕೊಳವೆಯೊಂದನ್ನು ಎಳೆದು, ಅದರ ನಡುವನ್ನು ಉರಿಗೆ ಹಿಡಿಯುತ್ತಾರೆ.

“ಗಾಳಿ ಬಿಡೇ,” ಎನ್ನುತ್ತಾರೆ.

ಅಕ್ಕಯಮ್ಮ ಚಕ್ರ ತಿರುಗಿಸುತ್ತಾರೆ.