ಶಾಂತವ್ವನ ಗಿರಣಿಯ ಜಾಲರಿ

ಆ ಜಾಲರಿ ಬಿಚ್ಚಿಸಿದವನು ನಾನು. ಕಡತದಲ್ಲಿ ಬೇರೆ ಬರೆದಿದೆ — ಅದು ಸುಳ್ಳು, ಅದನ್ನು ಬರೆದವನೂ ನಾನೇ.

ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಸಣ್ಣ ಉದ್ಯೋಗಗಳಿಗೆ ಸರ್ಕಾರವೇ ಹೊಣೆ ನಿಂತು ಸಾಲ ಕೊಡಿಸುವ ಯೋಜನೆಯಲ್ಲಿ ನನಗೆ ನೌಕರಿ. ಬಿ.ಕಾಂ. ಮುಗಿಸಿದ್ದೆ, ಯಂತ್ರಗಳ ಗಂಧವಿರಲಿಲ್ಲ. ಯಂತ್ರ ಕೂಡಿಸಿದ ಮೇಲೆ ಅದರ ಮೈಮೇಲೆ ಯೋಜನೆಯ ಹೆಸರು ಬರೆಸಿ, ಅದು ನಡೆಯುತ್ತಿರುವಾಗ ಫೋಟೊ ತೆಗೆಸಬೇಕು. ಹೆಸರು ಕಾಣದಿದ್ದರೆ ಕಡತ ವಾಪಸ್ಸು.

ಇರಕಲ್ಲಗಡದ ಶಾಂತವ್ವ ಹಿಟ್ಟಿನ ಗಿರಣಿ ಹಾಕಿದ್ದರು. ಆ ಊರಲ್ಲಿ ಈ ಸಾಲ ಪಡೆದ ಮೊದಲ ಹೆಣ್ಣುಮಗಳು. ಅವರನ್ನು ನೋಡಿ ಇನ್ನೂ ಆರು ಹೆಂಗಸರು ಅರ್ಜಿ ಹಾಕಿದ್ದರು. ತಿರುಗುವ ಬೆಲ್ಟಿಗೆ ಅಡ್ಡವಾಗಿ ಕಬ್ಬಿಣದ ಜಾಲರಿಯನ್ನು ತಾವೇ ಹಟ ಹಿಡಿದು ಹಾಕಿಸಿದ್ದರು. ಅದು ಹೆಸರನ್ನು ಅರ್ಧ ಮುಚ್ಚಿತ್ತು.

“ಅಕ್ಕಾರ, ಅಕ್ಷರ ಕಾಣವಲ್ವು. ಜಾಲರಿ ಬಿಚ್ಚಸ್ರಿ.”

“ಫೋಟೊ ನಂದೋ, ಅಕ್ಷರದ್ದೋ ಸಾಹೇಬ್ರ?” ಎಂದು ನಕ್ಕರು. “ಗಿರಣಿ ಬಂದ್ ಮಾಡಿ ತಗೀರಿ ಮತ್ತ.”

“ಚಾಲೂ ಇರಬೇಕ್ರಿ. ಒಂದು ನಿಮಿಷದ ಕೆಲಸ.”

ಜಾಲರಿ ಬಿಚ್ಚಿದ್ದಾಯಿತು, ಗಿರಣಿ ಚಾಲೂ ಆಯಿತು. ಒಂದು ನಿಮಿಷ — ಅಷ್ಟೂ ಆಗಲಿಲ್ಲ. ಅವರ ನೆಗೆಣ್ಣಿ, ಮೈದುನನ ಹೆಂಡತಿ ನಾಗಮ್ಮ, ಜೋಳದ ಬುಟ್ಟಿ ಹೊತ್ತು ಆ ಬದಿಯಿಂದ ಬಂದರು. ಬೆಲ್ಟು ಸೆರಗನ್ನು ಎಳೆದುಕೊಂಡಿತು. ಕುತ್ತಿಗೆ ಚಕ್ರದತ್ತ... ಸ್ವಿಚ್ಚು ನನ್ನ ಪಕ್ಕದ ಗೋಡೆಯಲ್ಲೇ ಇತ್ತು. ಈಗಲೂ ಎಷ್ಟೋ ಸಲ ಮನಸ್ಸಿನಲ್ಲೇ ಅದನ್ನು ಆರಿಸುತ್ತೇನೆ. ಅಂದು ಕೈ ಏಳಲಿಲ್ಲ. ಶಾಂತವ್ವ ಬರಿಗೈಯಿಂದ ಬೆಲ್ಟನ್ನು ತಳ್ಳಿ ಚಕ್ರದಿಂದ ಕೆಡವಿದರು. ನಾಗಮ್ಮ ಉಳಿದರು. ಶಾಂತವ್ವನ ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ, ರಕ್ತ ತೊಯ್ದ ಬಟ್ಟೆ ಹಿಡಿದುಕೊಂಡೇ ಹೇಳಿದರು: “ಜಾಲರಿ ನಾನ ಬಿಚ್ಚೀನಿ ಅಂತ ಬರೀರಿ. ನಿಮ್ಮ ಹೆಸರು ಬಂದ್ರ ವಿಚಾರಣಿ ಹಚ್ಚತಾರ. ಆ ಆರು ಮಂದಿ ಅರ್ಜಿ ಅಲ್ಲೇ ಕೊಳೀತಾವ.”

ಅಂಥ ನೋವಿನಲ್ಲೂ ಅವರಿಗೆ ನೆನಪಾದದ್ದು ಆ ಆರು ಜನ! ನಾನು — ‘ಸಾಲಗಾರರ ನಿರ್ಲಕ್ಷ್ಯ’ ಎಂದು ಬರೆದೆ. ಆ ಎರಡು ಶಬ್ದಗಳಿಂದ ಅವರಿಗೆ ವಿಮೆ ಸಿಗಲಿಲ್ಲ. ಮೂರು ಬೆರಳಲ್ಲೇ ಗಿರಣಿ ನಡೆಸಿದರು. ಆರೂ ಹೆಂಗಸರಿಗೆ ಸಾಲ ಸಿಕ್ಕಿತು. ನನಗೆ ಬಡ್ತಿ ಸಿಕ್ಕಿತು.

ಆ ಆರು ಜನರಿಗಾಗಿ ಸುಮ್ಮನಿದ್ದೆ ಎಂದು ವರ್ಷಗಟ್ಟಲೆ ನಂಬಿಕೊಂಡಿದ್ದೆ. ಅವರಿಗಾಗಿ ಸುಳ್ಳು ಹೇಳಿದ್ದು ಶಾಂತವ್ವ. ನಾನು ಹೇಳಿದ್ದು ನನ್ನ ನೌಕರಿಗಾಗಿ.

ಕಳೆದ ತಿಂಗಳು ಶಾಂತವ್ವನ ಬಳಿ ಹೋಗಿದ್ದೆ. ನಿಜವನ್ನು ಬರೆದು ಕೊಡುತ್ತೇನೆ ಎಂದೆ.

“ಬರೀರಿ ಸಾಹೇಬ್ರ. ನಿಮ್ಮ ಕೈ ಪೂರಾ ಐತಲ್ಲ.”

ಬರೆದೆ. ಕಚೇರಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ. ಕ್ಷಮೆ ಕೇಳಿಲ್ಲ, ಕೇಳಿದ್ದರೆ ಅದನ್ನೂ ಅವರೇ ಕೊಡಬೇಕಾಗುತ್ತಿತ್ತು.