ಗಣಪತಿ ಆರಿಸಿಕೊಟ್ಟ ಸ್ಕೋಪು

ಭದ್ರಾವತಿಯ ಏರ್ ರೈಫಲ್ ಸ್ಪರ್ಧೆಗೆ ಮತ್ತೆ ಹೆಸರು ಕೊಟ್ಟೆ ಎಂದಾಗ ಗೆಳೆಯ ನಾಗರಾಜ ನಕ್ಕುಬಿಟ್ಟ. "ಇರುವೆ ಸಾಲು ಕಂಡ್ರೆ ಸುತ್ತಿ ಹೋಗೋ ನಿಂಗೆ ಬಂದೂಕು ಯಾಕೋ ಮಾರಾಯ? ಈ ಸಲವೂ ಕೊನೇ ಜಾಗ ನಿಂದೇ!"

ಹೋದ ಸಲ ಕಣ್ಣು ಮಂಜಾಗಿ ಕೊನೆಯವನಾಗಿದ್ದು ನಿಜ. ಹತ್ತು ಮೀಟರ್ ದೂರದ ಕಾಗದದ ಗುರಿಯೂ ನನಗೆ ಕಾಣುತ್ತಿರಲಿಲ್ಲ. ಬಂದೂಕಿನ ಮೇಲೆ ಕೂರಿಸುವ ದುರ್ಬೀನಿಗೆ, ಅಂದರೆ ಸ್ಕೋಪಿಗೆ, ಸ್ಪರ್ಧೆಯಲ್ಲಿ ಅವಕಾಶವಿದ್ದುದರಿಂದ ಶಿವಮೊಗ್ಗದ ಸವಳಂಗ ರಸ್ತೆಯ ಬಂದೂಕಿನ ಅಂಗಡಿಯೊಂದಕ್ಕೆ ಹೋದೆ.

"ಇದು ಬೇಟೆ ರೈಫಲ್ಲಿಗೆ ಹಾಕೋ ಮಾಲು ಸ್ವಾಮಿ. ಆ ದೂರದ ಟ್ಯಾಂಕ್ ಮೇಲಿನ ಕಾಗೆ ನೋಡಿ," ಎಂದು ಅಂಗಡಿ ಮಾಲೀಕರು ಒಂದು ಸ್ಕೋಪನ್ನು ಕೈಗಿಟ್ಟರು. ಕಾಗೆಯ ಕೊಕ್ಕೂ ಕಂಡಿತು. ಬೆಲೆ ಕೇಳಿ ರಾಮ ರಾಮ ಎಂದೆ.

ಹೊಸ ವಸ್ತು ಕೈಗೆ ಬಂದರೆ ಮೊದಲು ದೇವರಿಗೆ ತೋರಿಸುವುದು ನನ್ನ ರೂಢಿ. ಉದ್ದನೆಯ ಅಂಗಡಿಯ ಹಿಂದಿನ ಗೋಡೆಯಲ್ಲಿ ಗಣಪತಿಯ ಫೋಟೋ ಇತ್ತು. ಅತ್ತ ತಿರುಗಿಸಿದರೆ ಕಿವಿ ಯಾವುದು, ಸೊಂಡಿಲು ಯಾವುದು ತಿಳಿಯದಷ್ಟು ಮಸುಕು! ಮೂಲೆಯಲ್ಲಿದ್ದ ಅಗ್ಗದ ಪುಟ್ಟ ಸ್ಕೋಪಿನಲ್ಲಿ ನೋಡಿದೆ. ಗಣಪತಿಯ ಕೈಯ ಮೋದಕದ ನೆರಿಗೆಯೂ ಸ್ಪಷ್ಟ.

"ದರ್ಶನಕ್ಕೆ ಸ್ಕೋಪ್ ತಗೊಳ್ಳೋರನ್ನ ಇವತ್ತೇ ನೋಡಿದ್ದು!" ಎಂದು ಮಾಲೀಕರು ನಕ್ಕರು.

"ನನ್ನ ಗುರಿಯೂ ಈ ಗಣಪತಿಯಷ್ಟೇ ದೂರ ಸಾರ್, ಹತ್ತೇ ಮೀಟರ್. ಇದನ್ನೇ ಕೊಡಿ."

ಸ್ಪರ್ಧೆಯ ದಿನ ನಾಗರಾಜ ಅಂಥದೇ ದುಬಾರಿ ಬೇಟೆ ಸ್ಕೋಪನ್ನು ಹಾಕಿಸಿಕೊಂಡು ಬಂದಿದ್ದ. ಗಾಜು ಒರೆಸಿದ್ದೇ ಒರೆಸಿದ್ದು, ದೂರದ ಬೇಟೆಗೆಂದೇ ಮಾಡಿದ ಅದರಲ್ಲಿ ಹತ್ತಿರದ ಗುರಿ ಮಾತ್ರ ಮಂಜಿನಲ್ಲೇ ಉಳಿಯಿತು. ನಾನು ಮನಸ್ಸಿನಲ್ಲೇ ಮೋದಕವನ್ನು ನೆನೆದು ಹೊಡೆದೆ. ಮೊದಲ ಬಹುಮಾನ ನನಗೇ ಬಂತು!

ಮರುವಾರ ನಾಗರಾಜನೂ ಆ ಅಂಗಡಿಗೆ ಹೋಗಿ ಗಣಪತಿಯ ದರ್ಶನ ಮಾಡಿದನಂತೆ, ಒಂದು ಕಣ್ಣು ಮುಚ್ಚಿಕೊಂಡು.