ಎಳೆಯುವ ಅಕ್ಕ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಎಳೆಯುವ ಅಕ್ಕ ಎಂದೇ ಕರೆಯುತ್ತಾರೆ. ಕಣ್ಣಿಗೆ ಕಾಣದಷ್ಟು ತೆಳುವಾದ ಅರೆವಾಹಕದ ಪದರವನ್ನು ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿ, ಆ ಪಟ್ಟಿಯನ್ನು ತಿರುಪಿನಿಂದ ಕೂದಲೆಳೆಯಷ್ಟು ಬಾಗಿಸಿದರೆ ಪದರ ಹಿಗ್ಗುತ್ತದೆ, ಅದು ಸೂಸುವ ಬೆಳಕಿನ ಬಣ್ಣ ಬದಲಾಗುತ್ತದೆ. ಅವಳ ಕೆಲಸವೇ ಅದು. ಅವಳು ತಿರುಪು ಮುಟ್ಟಿ ಉಸಿರು ಬಿಗಿಹಿಡಿದಳೆಂದರೆ ಪಕ್ಕದವರು ಸೀನುವಂತಿಲ್ಲ. "ಎಳೀಬೇಕು, ಹರೀಬಾರದು, ಬಿಟ್ಟ ತಕ್ಷಣ ಇದ್ದಲ್ಲಿಗೇ ಬರಬೇಕು" ಎನ್ನುವುದು ಅವಳ ಮಂತ್ರ. ಕಾಲುಚೀಲ ಕೊಳ್ಳಲು ಹೋದರೂ ಅಂಗಡಿಯಲ್ಲಿರುವುದನ್ನೆಲ್ಲ ಎಳೆದೆಳೆದು ನೋಡುತ್ತಾಳೆ, "ಅಕ್ಕಾ, ಇದು ಕಾಲಿಗೋ, ಹಗ್ಗಜಗ್ಗಾಟಕ್ಕೋ?" ಎಂದು ಅಂಗಡಿಯವನು ಗೋಗರೆಯುತ್ತಾನೆ. ಆದರೆ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅವಳು ಅಮ್ಮನ ಮಂಚದ ಅಂಚಿಗೆ ಬಂದು ಕೂರುತ್ತಾಳೆ. ಪಾರ್ಶ್ವವಾಯು ಹೊಡೆದ ಮೇಲೆ ಅಮ್ಮನ ಬಲಗೈ ಮುಷ್ಟಿ ಕಟ್ಟಿಕೊಂಡುಬಿಟ್ಟಿದೆ. ದಿನವೂ ಬಿಡಿಸದಿದ್ದರೆ ಹಾಗೇ ಸೆಟೆದುಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸುವಾಗ ಅವಳು ಬೆರಳನ್ನು ನೋಡುವುದಿಲ್ಲ, ಅಮ್ಮನ ಮುಖದ ಬಣ್ಣ ನೋಡುತ್ತಾಳೆ. "ಇನ್ನೊಂಚೂರು ಎಳಿಯೇ, ನಾನೇನು ಹರಿದುಹೋಗಲ್ಲ" ಎನ್ನುತ್ತಾಳೆ ಅಮ್ಮ. ಅವಳು ಇನ್ನೊಂಚೂರು ಎಳೆದು, ಕೈಬಿಟ್ಟು, ಉಸಿರು ಬಿಗಿಹಿಡಿದು ಕಾಯುತ್ತಾಳೆ, ಇದೊಂದು ಮಾತ್ರ ಇದ್ದಲ್ಲಿಗೆ ವಾಪಸು ಹೋಗದಿರಲಿ ಎಂದು.